ತ್ರಿಶೂಲದಮ್ಮನ ಮೈಮೇಲಿನ ಗೆರೆಗಳು

ಭಾನುವಾರ ಬೆಳಗ್ಗೆ ಹತ್ತು ಗಂಟೆ ಹತ್ತಿರವಾದರೆ ಬಸವರಾಜೇಶ್ವರಿಗೆ ಮೈ ಉರಿಯಲು ಶುರುವಾಗುತ್ತಿತ್ತು. ವಿಜಯನಗರದ ಆ ಮನೆಗೆ ಆ ಹೊತ್ತಿಗೆ ನಾಣ್ಯದವರು ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟು, ಎದೆಗೆ ಪುಟ್ಟ ಪುಟ್ಟ ಡಬ್ಬಿಗಳನ್ನು ಅವುಚಿಕೊಂಡು, ಒಳಗೆ ಬಂದವರೇ ಕಿಟಕಿಯ ಪಕ್ಕ ಕೂತ ಅವಳ ಗಂಡ ವಿಶ್ವಾರಾಧ್ಯನಿಗೆ ಕೈ ಮುಗಿಯುತ್ತಿದ್ದರು. ಅವಳಿಗೆ ಮುಗಿಯುತ್ತಿರಲಿಲ್ಲ. ಅವಳ ಕೈಯಲ್ಲಿ ಕಾಫಿ ತಟ್ಟೆ ಇರುತ್ತಿತ್ತಲ್ಲ, ಅದನ್ನು ಮಾತ್ರ ನೋಡುತ್ತಿದ್ದರು.

ವಿಶ್ವಾರಾಧ್ಯ ಸರ್ಕಾರಿ ಇಲಾಖೆಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು. ಆಫೀಸಿನಲ್ಲಿ ಅವನ ಮಾತು ಎಷ್ಟು ನಡೆಯುತ್ತಿತ್ತೋ ದೇವರಿಗೇ ಗೊತ್ತು. ಬೆಳ್ಳಿ ನಾಣ್ಯದ ವಿಷಯದಲ್ಲಿ ಮಾತ್ರ ರಾಜಾಜಿನಗರದಿಂದ ಕೆಂಗೇರಿವರೆಗೆ ಅವನು ಅಂದದ್ದೇ ಅಂತಿಮ. ಹಳೆಯ ಬೆಳ್ಳಿ ಡಾಲರುಗಳೆಂದರೆ, ಹಿಂದೆ ಹಡಗಿನ ವ್ಯಾಪಾರಕ್ಕೆ ನಡೆಯುತ್ತಿದ್ದ ಆ ದೊಡ್ಡ ನಾಣ್ಯಗಳೆಂದರೆ, ಅವನಿಗೆ ಪ್ರಾಣ. ಯಾರಾದರೂ ನಾಣ್ಯ ಮುಂದಿಟ್ಟರೆ ಅಂಚು ಹಿಡಿದು ಎತ್ತಿ, ಕೈ ಉದ್ದಕ್ಕೆ ಚಾಚಿ, ಮೊದಲು ಬರಿಗಣ್ಣಿನಲ್ಲಿ ನೋಡುತ್ತಿದ್ದ. "ಮೊದಲು ನೋಟ, ಆಮೇಲೆ ದರ್ಜೆ" ಎನ್ನುವುದು ಅವನ ಪಾಠ. ಬೆಳಕಿಗೆ ಸ್ವಲ್ಪ ಓರೆ ಮಾಡಿದರೆ ಹೊಳಪು ನಾಣ್ಯದ ಮೈಮೇಲೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತಬೇಕು. ಹಾಗೆ ಸುತ್ತದೆ ಬರೀ ಬೆಳ್ಳಗೆ ಹಲ್ಲು ಕಿರಿದರೆ ಯಾರೋ ತಿಕ್ಕಿ ತೊಳೆದಿದ್ದಾರೆ ಎಂದು ಅರ್ಥ. ಕಪ್ಪು ಹಿಡಿದಿದ್ದರೆ ಅದು ದೋಷವಲ್ಲ. ವರ್ಷಗಟ್ಟಲೆ ತಾನೇ ತಾನಾಗಿ ಕೂತ ಆ ಕಪ್ಪು, ನೀಲಿ, ಜೇನಿನ ಬಣ್ಣಗಳೇ ಬೆಳ್ಳಿಗೆ ಚೆಲುವು. ಕಣ್ಣು ಒಪ್ಪಿದ ಮೇಲೆ ಭೂತಗನ್ನಡಿ. ಗೆರೆ, ಸವೆತ, ಪೆಟ್ಟು ಎಲ್ಲ ಎಣಿಸಿ ಆಮೇಲೆ ದರ್ಜೆ.

ಇಷ್ಟೆಲ್ಲ ಸರಿಯೇ. ಅವನ ವಿದ್ಯೆಯನ್ನು ಅವಳು ಯಾವತ್ತೂ ಅಲ್ಲಗಳೆದವಳಲ್ಲ. ಆದರೆ ತೀರ್ಪು ಕೊಡುವಾಗ ಅವನ ಮುಖದಲ್ಲಿ ಒಂದು ಖುಷಿ ಕಾಣುತ್ತಿತ್ತಲ್ಲ, ಅದು ಅವಳಿಗೆ ಸೇರುತ್ತಿರಲಿಲ್ಲ. ಒಂದು ವಾರ ಹೊಸಹಳ್ಳಿಯ ಸೀನ ಅನ್ನುವ ಆಟೋ ಬಿಡಿಭಾಗದ ಅಂಗಡಿಯವನು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಡಾಲರೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ. ವಿಶ್ವಾರಾಧ್ಯ ಅದನ್ನು ಒಂದು ಸಲ ಓರೆ ಮಾಡಿದ, ಅಷ್ಟೆ.

"ಉಜ್ಜಿದ್ದು" ಅಂದ.

"ಸಾರ್, ಸ್ವಲ್ಪ ಸರಿಯಾಗಿ ನೋಡಿ ಸಾರ್" ಅಂದ ಸೀನ.

"ಏನ್ರೀ ನೋಡೋದು? ಹುಣಸೇಹಣ್ಣು ಹಾಕಿ ತಿಕ್ಕಿದಾರೆ ನಿಮ್ಮಜ್ಜಿ. ಚೊಂಬು ಅಂದ್ಕೊಂಡ್ರೋ ಏನೋ. ತೂತು ಹಾಕಿಸಿ ಮಗೂ ಕುತ್ತಿಗೆಗೆ ಕಟ್ಟಿ, ದೃಷ್ಟಿಗಾದ್ರೂ ಆಗತ್ತೆ."

ಕೂತವರೆಲ್ಲ ನಕ್ಕರು. ಸೀನ ನಾಣ್ಯವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಬಸವರಾಜೇಶ್ವರಿಗೆ ಮುಂದೇನು ಬರುತ್ತದೆ ಎಂದು ಗೊತ್ತಿತ್ತು. ಯಾವ ಭಾನುವಾರ ಹೊಸಬರು ಬಂದರೂ ಇದಾದ ಮೇಲೆ ಅದು ಬಂದೇ ಬರುತ್ತಿತ್ತು. ಲೋಟ ಇಳಿಸಿ ಒಳಗೆ ಹೋಗಿಬಿಡೋಣ ಎಂದು ಅವಳು ಕೈ ಚುರುಕು ಮಾಡಿದಳು.

"ನೀವೇನೂ ಬೇಜಾರು ಮಾಡ್ಕೋಬೇಡಿ" ಎಂದು ವಿಶ್ವಾರಾಧ್ಯ ಸೀನನ ಬೆನ್ನು ತಟ್ಟಿದ. "ನಮ್ಮನೇಲೂ ಇದೇ ಕತೆ. ಇವ್ರನ್ನೇ ಕೇಳಿ, ಕಾಫಿ ಕೊಟ್ಟರಲ್ಲ, ಇವ್ರನ್ನ."

ಆಮೇಲೆ ಕಪಾಟಿನಿಂದ ತನ್ನ ಡಾಲರ್ ತೆಗೆದು ಎಲ್ಲರ ಕೈಗೂ ಅಂಚು ಹಿಡಿಸಿ ದಾಟಿಸಿದ. ಅದು ಬೊಂಬಾಯಿ ಟಂಕಸಾಲೆಯಲ್ಲಿ ಅಚ್ಚಾಗಿ ಹಡಗು ಹತ್ತಿ ಚೀನಾದ ಕಡೆ ವ್ಯಾಪಾರಕ್ಕೆ ಹೋಗುತ್ತಿದ್ದ ಬ್ರಿಟಿಷರ ಡಾಲರು. ಒಂದು ಕಡೆ ಶಿರಸ್ತ್ರಾಣ ಹಾಕಿಕೊಂಡು ತ್ರಿಶೂಲ ಹಿಡಿದು ನಿಂತ ಹೆಂಗಸು, ಹಿಂದೆ ಹಡಗು. ಇನ್ನೊಂದು ಕಡೆ ಚೀನೀ ಅಕ್ಷರ. ಹತ್ತಿಯ ವ್ಯಾಪಾರಕ್ಕೆಂದು ದಾವಣಗೆರೆಯಿಂದ ಬೊಂಬಾಯಿಗೆ ಓಡಾಡುತ್ತಿದ್ದ ಅವನ ತಾತ ಕರಿಬಸಪ್ಪ ತಂದದ್ದು. ತಂದವನಿಗೆ ಅದು ಡಾಲರು. ಮನೆಯ ಹೆಂಗಸರಿಗೆ ಕಂಡದ್ದು ತ್ರಿಶೂಲ. ತ್ರಿಶೂಲ ಹಿಡಿದವಳು ಇನ್ಯಾರು ಇದ್ದಾಳು? ಪಾರ್ವತಿಯೇ. ಹಾಗೆಂದು ಅದು ದೇವರ ಜಗುಲಿ ಏರಿತು, ವಿಭೂತಿ ಇಡಿಸಿಕೊಂಡಿತು, ತ್ರಿಶೂಲದಮ್ಮ ಅಂತ ಹೆಸರೂ ಬಂತು. ಇಂಗ್ಲಿಷರ ದೇಶಮಾತೆ ಹೀಗೆ ದಾವಣಗೆರೆಯ ಲಿಂಗಾಯತರ ಮನೆಯಲ್ಲಿ ಮೂರು ತಲೆಮಾರು ಪೂಜೆ ಮಾಡಿಸಿಕೊಂಡಳು.

ಕತೆ ಇಲ್ಲಿಗೆ ಬರುವ ಹೊತ್ತಿಗೆ ಎಲ್ಲರ ಮುಖ ಅರಳಿರುತ್ತಿತ್ತು. ವಿಶ್ವಾರಾಧ್ಯ ದನಿ ತಗ್ಗಿಸುತ್ತಿದ್ದ. "ಒಂದು ಗೆರೆ ಇರ್ಲಿಲ್ಲ. ಒಂದೇ ಒಂದು. ನವಿಲಿನ ಕುತ್ತಿಗೆ ಬಣ್ಣ ಇತ್ತು. ಅಂಥ ಪೀಸು ನಾನು ಇವತ್ತಿನವರೆಗೂ ನೋಡಿಲ್ಲ. ಮದುವೆ ಆಗಿ ಇವಳು ಬಂದ್ಲು, ಶ್ರಾವಣ ಬಂತು. ನಾನು ಆಫೀಸಿಂದ ಬಂದು ನೋಡ್ತೀನಿ, ಹೊಸಾ ಸ್ಟೀಲ್ ತಟ್ಟೆ ಥರ ಫಳಫಳ ಅಂತಿದೆ." ಒಂದು ಕ್ಷಣ ನಿಲ್ಲಿಸಿ ಕೊನೆಯ ಮಾತು ಹೇಳುತ್ತಿದ್ದ. "ಬೊಂಬಾಯಿಯವ್ರು ಅಚ್ಚು ಹಾಕಿದ್ರು, ದಾವಣಗೆರೆಯವ್ರು ಕಾಪಾಡಿದ್ರು, ಚಿತ್ರದುರ್ಗದವ್ಳು ಬಂದು ಮುಗಿಸಿದ್ಲು."

ನಗು. ಸೀನನೂ ನಕ್ಕ. ತನ್ನ ಅವಮಾನಕ್ಕೆ ಜೊತೆ ಸಿಕ್ಕಿತಲ್ಲ, ನಗದೆ ಏನು ಮಾಡುತ್ತಾನೆ.

ಚಿತ್ರದುರ್ಗದವಳು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

ಆ ಶ್ರಾವಣ ಅವಳಿಗೆ ಚೆನ್ನಾಗಿ ನೆನಪಿದೆ. ಮದುವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಮೊದಲ ಶ್ರಾವಣ ಸೋಮವಾರದ ಹಿಂದಿನ ದಿನ ಅತ್ತೆ ಶಾಂತವ್ವ ದೇವರ ಬೆಳ್ಳಿಯನ್ನೆಲ್ಲ ಒಂದು ತಟ್ಟೆಗೆ ಸುರಿದು, ಒಡೆದ ವಿಭೂತಿ ಗಟ್ಟಿಗಳ ಪುಡಿಯನ್ನು ಪಕ್ಕದಲ್ಲಿಟ್ಟು, "ಎಲ್ಲಾ ಬೆಳಗಿ ಇಡವ್ವ, ಕರ್ರಗಾಗ್ಯಾವು" ಅಂದಿದ್ದಳು. ಆ ಕಡೆಯ ಮನೆಗಳಲ್ಲಿ ಬೆಳ್ಳಿಗೆ ವಿಭೂತಿ ಬಿಟ್ಟರೆ ಬೇರೆ ಪುಡಿ ಇಲ್ಲ. ದೀಪ, ಗಂಧದ ಬಟ್ಟಲು, ಲಿಂಗದ ಕರಡಿಗೆಗಳ ಜೊತೆ ತ್ರಿಶೂಲದಮ್ಮನೂ ಆ ತಟ್ಟೆಯಲ್ಲಿ ಮಲಗಿದ್ದಳು. ಬಸವರಾಜೇಶ್ವರಿ ಎಲ್ಲವನ್ನೂ ಬೆಳಗಿದಳು. ಹೊಸ ಸೊಸೆ, ಹೇಳಿದ ಕೆಲಸ ಮಾಡಿದಳು. ಸಂಜೆ ಗಂಡ ಮನೆ ಹಾರಿಹೋಗುವಂತೆ ಕೂಗಾಡಿದಾಗ ಅವಳು ಅತ್ತೆಯ ಮುಖ ನೋಡಿದಳು. ಶಾಂತವ್ವ ಬತ್ತಿ ಹೊಸೆಯುತ್ತಿದ್ದಳು. "ನನಗೇನ್ ಗೊತ್ತಪ್ಪ, ಅದನ್ನೂ ಬೆಳಗ್ತಾಳ ಅಂತ" ಅಂದಳು.

ಅವತ್ತಿನಿಂದ ಅದು ಅವಳ ಹೆಸರಾಯಿತು. ಮಗಳ ನಾಮಕರಣದಲ್ಲಿ ಆ ಕತೆ, ಅವಳ ತಮ್ಮನ ಮದುವೆಯ ಪಂಕ್ತಿಯಲ್ಲಿ ಆ ಕತೆ. ಅವಳು ರಾಜಾಜಿನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಪ್ರತಿ ವರ್ಷ ಕರೆಸಿಕೊಳ್ಳುವ ಹೆಂಗಸು. ಹೆಸರಿಲ್ಲದ ಉತ್ತರ ಪತ್ರಿಕೆಗೆ ಅರ್ಧ ಅಂಕವೂ ಹೆಚ್ಚುಕಡಿಮೆಯಾಗದಂತೆ ಅಂಕ ಕೊಡುವವಳು ಎಂದು ಹೆಸರು ಪಡೆದವಳು. ಈ ನಡುಮನೆಯಲ್ಲಿ ಮಾತ್ರ ಅವಳು ಡಾಲರ್ ತೊಳೆದ ಮೇಡಮ್ಮು. ಹಾಗಂತ ಕರೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಬಾಗಿಲ ಹಿಂದೆ ಕೇಳಿಸಿಕೊಂಡಿದ್ದಳು. ಒಳಗೊಳಗೇ ಒಪ್ಪಿಕೊಂಡೂ ಇದ್ದಳು. ಅವಳಿಗೆ ಸಿಟ್ಟು ಬರುತ್ತಿದ್ದುದು ಗಂಡ ಅದನ್ನು ಆಡಿಕೊಳ್ಳುತ್ತಾನೆ ಎಂದು. ತಪ್ಪು ತನ್ನದಲ್ಲ ಎಂಬ ಯೋಚನೆ ಮಾತ್ರ ಒಂದು ದಿನವೂ ಅವಳಿಗೆ ಬಂದಿರಲಿಲ್ಲ. ಒಂದು ಚಂದದ ವಸ್ತುವನ್ನು ಗೊತ್ತಿಲ್ಲದೆ ಹಾಳು ಮಾಡಿದೆ ಎಂಬ ಹಳಹಳಿ ಅವಳ ಜೊತೆಗೇ ಹಳೆಯದಾಯಿತು. ಶಾಂತವ್ವ ತೀರಿಕೊಂಡು ವರ್ಷಗಳಾದರೂ ಅದು ಹೋಗಲಿಲ್ಲ.

ಈ ವರ್ಷ ಭಾನುವಾರದವರ ನಾಣ್ಯ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹತ್ತಿರ ಒಂದು ಸಭಾಂಗಣ ಹಿಡಿದರು. ವಿಶ್ವಾರಾಧ್ಯನಿಗೆ ಸನ್ಮಾನ, ಆಮೇಲೆ ಅವನದೇ ಉಪನ್ಯಾಸ, ಬೆಳ್ಳಿ ಡಾಲರುಗಳ ನೋಟ ಮತ್ತು ದರ್ಜೆ ಎಂದು. ಪರದೆಯ ಮೇಲೆ ಚಿತ್ರಗಳು. ಮಗಳು ವಚನಾ ಒಂದು ಜಾಹೀರಾತು ಕಂಪನಿಯಲ್ಲಿ ಫೋಟೋ ಕೆಲಸ ಮಾಡುವವಳು. ಅಪ್ಪನ ನಾಣ್ಯಗಳನ್ನೆಲ್ಲ ಅವಳೇ ಫೋಟೋ ತೆಗೆದುಕೊಟ್ಟಳು. ಜನ ಸಾಕಷ್ಟು ಸೇರಬೇಕಲ್ಲ ಎಂದು ವಿಶ್ವಾರಾಧ್ಯ ಹೆಂಡತಿಯನ್ನು ಕೇಳದೆಯೇ ಅವಳ ಶಾಲೆಗೆ ಫೋನ್ ಮಾಡಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಆಹ್ವಾನಿಸಿಬಿಟ್ಟಿದ್ದ. ಕರೆತರುವ ಜವಾಬ್ದಾರಿ ಗಣಿತದ ಟೀಚರ್ ರಮ್ಯಳದು. ವಿಷಯ ಬಸವರಾಜೇಶ್ವರಿಗೆ ಗೊತ್ತಾದದ್ದು ಸ್ಟಾಫ್ ರೂಮಿನಲ್ಲಿ.

ಸಂಜೆ ಮನೆಗೆ ಬಂದವಳೇ ಬ್ಯಾಗ್ ಇಳಿಸದೆ ಕೇಳಿದಳು. "ಏನ್ರೀ, ಆ ಡಾಲರ್ ಕತೆ ಅವತ್ತೂ ಹೇಳ್ತೀರಾ?"

"ಮತ್ತೆ? ಉಜ್ಜಿದ್ರೆ ಏನಾಗತ್ತೆ ಅನ್ನೋಕೆ ಅದಕ್ಕಿಂತ ಒಳ್ಳೇ ಉದಾಹರಣೆ ಎಲ್ಲಿದೆ?"

"ಬೇಡ. ನನ್ನ ಮಕ್ಕಳು ಬರ್ತಾರೆ. ನಾಳೆ ಅವ್ರಿಗೆ ಪಾಠ ಮಾಡ್ಬೇಕಾದೋಳು ನಾನು."

"ನಿನ್ನ ಹೆಸರು ಹೇಳಲ್ಲ ಬಿಡೇ. ನಮ್ಮ ಮನೆಯವ್ರು ಅಂತೀನಿ."

"ನಿಮ್ಮ ಮನೆಯವ್ರು ಯಾರು ಅಂತ ಅವ್ರಿಗೆ ಗೊತ್ತಾಗಲ್ವಾ? ಮುಂದಿನ ಸಾಲಲ್ಲೇ ಕೂತಿರ್ತೀನಲ್ಲ."

"ಮಾಡೋವಾಗ ಇರ್ಬೇಕಿತ್ತು ಈ ಮರ್ಯಾದೆ" ಅಂದ ವಿಶ್ವಾರಾಧ್ಯ. ಅಂದು ಟಿವಿ ಹಾಕಿಕೊಂಡ.

ಇಷ್ಟು ವರ್ಷ ಅವನು ಕೂಗಾಡಿದ್ದನ್ನು ಅವಳು ತಡೆದುಕೊಂಡಿದ್ದಳು, ಈ ಟಿವಿ ಹಾಕಿಕೊಂಡದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಸಮಾರಂಭದ ಹಿಂದಿನ ದಿನ ಶನಿವಾರ. ಶಾಲೆ ಅರ್ಧ ದಿನ. ಮಧ್ಯಾಹ್ನ ಊಟ ಮುಗಿಸಿ ವಚನಾ ಲ್ಯಾಪ್‌ಟಾಪ್ ಮುಂದೆ ಚಿತ್ರಗಳನ್ನು ಜೋಡಿಸುತ್ತಿದ್ದಳು. ವಿಶ್ವಾರಾಧ್ಯ ಮಲಗಿದ್ದ. ಬಸವರಾಜೇಶ್ವರಿ ಮಗಳ ಹಿಂದೆ ನಿಂತು, ನಾಳೆ ತನ್ನನ್ನು ನಗೆಪಾಟಲು ಮಾಡುವ ಚಿತ್ರ ಯಾವುದು ತೋರಿಸೇ ಅಂದಳು. ವಚನಾ ತೋರಿಸಿದಳು. ತ್ರಿಶೂಲದಮ್ಮ ಪರದೆಯ ತುಂಬ ನಿಂತಳು.

"ಇನ್ನೂ ದೊಡ್ಡದು ಆಗತ್ತೆ ನೋಡಮ್ಮ" ಎಂದು ವಚನಾ ಹಿಗ್ಗಿಸಿದಳು. ಹೆಂಗಸಿನ ತೋಳು, ಹಡಗು, ಅವುಗಳ ನಡುವೆ ಚಿತ್ರವಿಲ್ಲದ ಬಯಲು ಬೆಳ್ಳಿ. ಆ ಬಯಲಿನ ಮೇಲೆ ಗೆರೆಗಳು.

ಈ ನಾಣ್ಯವನ್ನು ಅವಳು ಅವತ್ತು ಬೆಳಗಿದ ಮೇಲೆ ಮತ್ತೆ ಮುಟ್ಟಿರಲಿಲ್ಲ. ಮುಟ್ಟಲು ಬಿಡುವವರಾರು? ಭೂತಗನ್ನಡಿಯಲ್ಲಂತೂ ನೋಡಿಯೇ ಇರಲಿಲ್ಲ. ಈಗ ನೋಡಿದಳು. ಮೇಲಿಂದ ಕೆಳಗೆ ನೇರವಾಗಿ ಎಳೆದ ಗೆರೆಗಳು, ಅವತ್ತಿನಿಂದ ಗಾಳಿಯಾಡದ ಡಬ್ಬಿಯಲ್ಲಿ ಇದ್ದುದರಿಂದ ಇನ್ನೂ ಬೆಳ್ಳಗೆ, ಒತ್ತೊತ್ತಾಗಿ. ಅವು ತನ್ನವೇ. ಪಾತ್ರೆಯಾಗಲಿ ಬೆಳ್ಳಿಯಾಗಲಿ ಅವಳು ತಿಕ್ಕುವುದು ಹಾಗೆ, ನೇರ. ಅವಳ ತವರಿನಲ್ಲಿ ಎಲ್ಲರೂ ಹಾಗೆಯೇ. ಶಾಂತವ್ವ ಅದಕ್ಕೂ ಆಡಿಕೊಂಡಿದ್ದಳು, ಗೋಡೆಗೆ ಸುಣ್ಣ ಬಳಿದ ಹಾಗೆ ಉಜ್ಜುತ್ತೀಯಲ್ಲೇ ಎಂದು. ಶಾಂತವ್ವನದು ಸುತ್ತು ಕೈ. ಎರಡು ಬೆರಳಿಗೆ ಬಟ್ಟೆ ಸುತ್ತಿ, ಚಿಕ್ಕ ಚಿಕ್ಕ ಸುತ್ತು ಹಾಕುತ್ತ ಅಂಚಿನಿಂದ ನಡುವಿಗೆ ಬರುತ್ತಿದ್ದಳು. ಬೆಳ್ಳಿಯ ದೀಪಗಳ ಮೇಲೆಲ್ಲ ಇವತ್ತಿಗೂ ಆ ಸುತ್ತುಗಳ ಗುರುತಿದೆ.

ನೇರ ಗೆರೆಗಳ ಕೆಳಗೆ ಸುತ್ತು ಗೆರೆಗಳಿದ್ದವು.

"ಅಲ್ಲಿ ನಿಲ್ಸು" ಅಂದಳು ಬಸವರಾಜೇಶ್ವರಿ. "ಆ ಹಡಗಿನ ಪಕ್ಕ. ಇನ್ನೂ ದೊಡ್ಡದು ಮಾಡು."

ಸುತ್ತು ಗೆರೆಗಳ ಒಳಗೆ ಕಪ್ಪು ತುಂಬಿತ್ತು. ಮೇಲಿನ ಕಪ್ಪನ್ನೆಲ್ಲ ಅವಳ ವಿಭೂತಿ ತೆಗೆದಿತ್ತು. ಆ ಗೆರೆಗಳ ತಗ್ಗಿಗೆ ಮಾತ್ರ ಅವಳ ಬೆರಳು ಇಳಿದಿರಲಿಲ್ಲ. ಬೆಳ್ಳಿಗೆ ಆ ಕಪ್ಪು ಕೂರಬೇಕಾದರೆ ವರ್ಷಗಳು ಬೇಕು. ಕಪ್ಪು ಗೆರೆಯೊಳಗೆ ಕೂತಿದೆ ಎಂದರೆ ಗೆರೆ ಮೊದಲು, ಕಪ್ಪು ಆಮೇಲೆ. ನವಿಲಿನ ಕುತ್ತಿಗೆಯ ಬಣ್ಣ ಬಂದದ್ದೇ ಉಜ್ಜಿದ ಬೆಳ್ಳಿಯ ಮೇಲೆ. ಅವಳು ಈ ಮನೆಗೆ ಕಾಲಿಡುವ ಎಷ್ಟೋ ಮೊದಲೇ ಯಾರೋ ತ್ರಿಶೂಲದಮ್ಮನನ್ನು ಸುತ್ತು ಸುತ್ತಾಗಿ ತಿಕ್ಕಿ ಮುಗಿಸಿದ್ದರು. ಒಂದು ಗೆರೆ ಇಲ್ಲದ ಡಾಲರು ಎಂಬುದು ಇರಲೇ ಇಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ವಚನಾ ಅವಳ ಮುಖ ನೋಡಿ "ಏನಾಯ್ತಮ್ಮ?" ಅಂದಳು. ಬಸವರಾಜೇಶ್ವರಿ ಪಾಠ ಹೇಳುವ ದನಿಯಲ್ಲೇ ಎಲ್ಲ ಬಿಡಿಸಿ ಹೇಳಿದಳು, ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು. ಹೇಳುತ್ತ ಹೇಳುತ್ತ ಅವಳಿಗೇ ಇನ್ನೊಂದು ಹೊಳೆಯಿತು. ಇದು ತನಗೆ ಕಂಡಿತು. ಭೂತಗನ್ನಡಿ ಇಲ್ಲದೆ ಹೊರಗೆ ಕಾಲಿಡದ ಮನುಷ್ಯನಿಗೆ ಕಾಣದೆ ಇದ್ದೀತೇ?

ವಿಶ್ವಾರಾಧ್ಯ ಎದ್ದು ಟೀಗೆ ಅಡುಗೆಮನೆಗೆ ಬಂದಾಗ ಅವಳು ನೇರವಾಗಿಯೇ ಕೇಳಿದಳು.

"ಡಾಲರ್ ಮೇಲೆ ಸುತ್ತು ಗೆರೆ ಇದಾವೆ. ಒಳಗೆ ಕಪ್ಪು ಇದೆ. ಅದು ಅತ್ತೆ ಕೈ. ನಿಮಗೆ ಗೊತ್ತಿತ್ತಾ?"

ಅವನು ಟೀ ಲೋಟ ತೆಗೆದುಕೊಂಡು, ಊದಿ, ಒಂದು ಗುಟುಕು ಕುಡಿದ.

"ಗೊತ್ತಿತ್ತು."

"ಯಾವಾಗಿಂದ?"

"ಕಾಲೇಜಲ್ಲಿದ್ದಾಗಿಂದ. ಮೊದಲನೇ ಸಲ ಲೆನ್ಸ್ ತಂದಾಗ್ಲೇ ನೋಡಿದ್ದೆ."

ಅವಳು ಒಲೆ ಆರಿಸಿದಳು. "ಮತ್ತೆ ನನ್ನ ಮೇಲೆ ಯಾಕೆ ಹಾಕಿದ್ರಿ?"

"ನೀನೂ ಉಜ್ಜಿದೆ ತಾನೆ? ಸುಳ್ಳಾ ಅದು?"

"ಒಂದು ಗೆರೆ ಇರ್ಲಿಲ್ಲ ಅಂತ ಊರಿಗೆಲ್ಲ ಹೇಳಿದ್ರಲ್ಲ."

"ಆಗ ಎಲ್ರಿಗೂ ಹೇಳಿಬಿಟ್ಟಿದ್ದೆ, ನಮ್ಮನೇಲಿ ಮುಟ್ಟದೇ ಇರೋ ಪೀಸ್ ಇದೆ ಅಂತ. ತೋರ್ಸು ತೋರ್ಸು ಅಂತಿದ್ರು. ಏನ್ ತೋರ್ಸೋದು? ಅಷ್ಟರಲ್ಲಿ ನೀನು ತೊಳೆದೆ." ಅವನು ಇದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಅವಳು ಅರ್ಥ ಮಾಡಿಕೊಂಡು ಸಹಕರಿಸಬೇಕು ಎನ್ನುವ ಹಾಗಿತ್ತು. "ಅವ್ವನಿಗೆ ಹೋಗಿ ಹೇಳೋಕಾಗತ್ತೇನೇ, ನೀನು ಹಾಳು ಮಾಡ್ದೆ ಅಂತ? ಎಷ್ಟು ನೊಂದ್ಕೋತಿದ್ಲು."

ಎಷ್ಟು ನೊಂದುಕೊಳ್ಳುತ್ತಿದ್ದಳು. ಆ ಮಾತು ಕೇಳಿ ಬಸವರಾಜೇಶ್ವರಿಗೆ ನಗು ಬಂತು, ಒಳ್ಳೆಯ ನಗುವಲ್ಲ. ಯಾವ ನಾಣ್ಯದಿಂದ ಇವನು ದೊಡ್ಡ ಮನುಷ್ಯನಾದನೋ ಆ ನಾಣ್ಯ ಎಂದೂ ದೊಡ್ಡದಾಗಿರಲಿಲ್ಲ. ಅದನ್ನು ದೊಡ್ಡದು ಮಾಡಿದ್ದು ಅವಳ ತಪ್ಪು. ಕಳೆದುಹೋದ ಚೆಲುವನ್ನು ಯಾರು ತಾನೆ ಪರೀಕ್ಷೆ ಮಾಡಿಯಾರು? ಅವಳು ಹಾಳು ಮಾಡಿದಳು ಎಂದರೆ ಅದಕ್ಕೆ ಮುಂಚೆ ಅದು ಅಪರಂಜಿಯಾಗಿತ್ತು ಎಂದಾಯಿತು. ಇಷ್ಟು ವರ್ಷ ಅವನು ಅವಳ ಮರ್ಯಾದೆ ತೇಯ್ದು ತನ್ನ ಡಾಲರಿಗೆ ಹೊಳಪು ಕೊಟ್ಟಿದ್ದ.

"ನೋಡಿ" ಅಂದಳು. "ನಾಳೆ ಆ ಚಿತ್ರ ಹಾಕಿ, ನಾನು ಬೇಡ ಅನ್ನಲ್ಲ. ಆದ್ರೆ ಇರೋದನ್ನ ಹೇಳಿ. ಎರಡು ಕೈ ಇದೆ, ಮೊದಲನೇದು ಹಳೇದು ಅಂತ. ಅತ್ತೆ ಹೆಸರೂ ಬೇಡ, ನನ್ನ ಹೆಸರೂ ಬೇಡ. ಅಷ್ಟು ಹೇಳಿದ್ರೆ ಸಾಕು, ನಾನು ಇನ್ನು ಜನ್ಮದಲ್ಲಿ ಈ ಮಾತು ಎತ್ತಲ್ಲ."

"ಆಯ್ತು ನೋಡೋಣ" ಅಂದ ಅವನು. ಲೋಟವನ್ನು ಸಿಂಕಿನಲ್ಲಿಟ್ಟು ಹೋದ.

ನೋಡೋಣ ಎಂದರೆ ಏನೆಂದು ಯಾವ ಹೆಂಡತಿಗೆ ಗೊತ್ತಿಲ್ಲ? ಆದರೂ ಅವಳು ನಂಬಿದಳು. ಮಾರನೆಯ ದಿನ ಒಳ್ಳೆಯ ಇಳಕಲ್ ಸೀರೆ ಉಟ್ಟು, ಹೂ ಮುಡಿದು ಹೋದಳು. ನಂಬದಿದ್ದರೆ ಹಾಗೆ ಹೋಗುತ್ತಿರಲಿಲ್ಲ.

ಸಭಾಂಗಣ ತುಂಬಿತ್ತು. ಹಿಂದಿನ ಸಾಲುಗಳಲ್ಲಿ ಸಮವಸ್ತ್ರದ ಮಕ್ಕಳು, ಅವರ ಪಕ್ಕ ರಮ್ಯ. ಮಕ್ಕಳು ಬಸವರಾಜೇಶ್ವರಿಯನ್ನು ಕಂಡು "ನಮಸ್ತೆ ಮಿಸ್" ಎಂದು ಒಟ್ಟಿಗೆ ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಅವಳ ಪಕ್ಕಕ್ಕೆ ನಂದಿನಿ ಲೇಔಟಿನ ಪದ್ಮನಾಭ ಕೂತಿದ್ದರು. ಸಂಘ ಕಟ್ಟಿದವರಲ್ಲಿ ಹಿರಿಯರು, ವಿಶ್ವಾರಾಧ್ಯನಿಗೆ ನಾಣ್ಯ ನೋಡುವುದನ್ನು ಕಲಿಸಿದವರೇ ಅವರು. ಈಗ ಮೊಣಕಾಲು ನೋವು, ಭಾನುವಾರಗಳಿಗೆ ಬರುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದು ವಿಶ್ವಾರಾಧ್ಯ ಮೈಕಿನ ಮುಂದೆ ನಿಂತ. ವಚನಾ ವೇದಿಕೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಅವನು "ಮುಂದಿನದು" ಎಂದಾಗಲೆಲ್ಲ ಗುಂಡಿ ಒತ್ತುತ್ತಿದ್ದಳು.

ಮಾತು ಚೆನ್ನಾಗಿಯೇ ಇತ್ತು. ಹೊಳಪು ಹೇಗೆ ಸುತ್ತಬೇಕು, ನಾಣ್ಯದ ಮೇಲಿನ ಮುಖದ ಕೆನ್ನೆಯಲ್ಲಿ ಸವೆತ ಮೊದಲು ಎಲ್ಲಿ ಕಾಣುತ್ತದೆ, ಕಣ್ಣು ಯಾಕೆ ಒಂದು ನಾಣ್ಯದ ಮೇಲೆ ನಿಲ್ಲುತ್ತದೆ, ಇನ್ನೊಂದರ ಮೇಲೆ ಜಾರುತ್ತದೆ, ಎಲ್ಲ ಹೇಳಿದ. ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆಮೇಲೆ ತ್ರಿಶೂಲದಮ್ಮ ಪರದೆಯ ಮೇಲೆ ಬಂದಳು, ಗೋಡೆಯಷ್ಟು ಎತ್ತರಕ್ಕೆ.

ವಿಶ್ವಾರಾಧ್ಯ ಒಂದು ಸಲ ಹೆಂಡತಿಯ ಕಡೆ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು. ಹೇಳಿಬಿಡಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಎರಡು ಕೈ ಅನ್ನಿ, ಅಷ್ಟೇ ಸಾಕು.

"ಒಂದು ಗೆರೆ ಇರಲಿಲ್ಲ" ಎಂದು ಶುರು ಮಾಡಿದ ಅವನು. ದನಿ ತಗ್ಗಿತು. ನವಿಲಿನ ಕುತ್ತಿಗೆ ಬಂತು, ಮದುವೆ ಬಂತು, ಶ್ರಾವಣ ಬಂತು, ಸ್ಟೀಲ್ ತಟ್ಟೆ ಬಂತು. ನಿಲ್ಲಿಸುವಲ್ಲಿ ನಿಲ್ಲಿಸಿ, ಬೊಂಬಾಯಿಯವರು, ದಾವಣಗೆರೆಯವರು, ಚಿತ್ರದುರ್ಗದವಳು ಎಂದು ಮುಗಿಸಿದ. ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಮಕ್ಕಳು ಮೊದಲು ಪಿಸುಗುಟ್ಟಿದರು, ನಮ್ಮ ಮಿಸ್ಸಾ, ನಮ್ಮ ಮಿಸ್ಸಾ ಎಂದು. ಆಮೇಲೆ ಅವರೂ ನಕ್ಕರು. ರಮ್ಯ ಅವರನ್ನು ಸುಮ್ಮನಿರಿಸುತ್ತಿದ್ದದ್ದು ಬಸವರಾಜೇಶ್ವರಿಗೆ ಕೇಳಿಸಿತು. ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಪದ್ಮನಾಭರು ನಕ್ಕಿರಲಿಲ್ಲ. ಕನ್ನಡಕ ಮೇಲೆ ಸರಿಸಿ ಪರದೆಯನ್ನೇ ನೋಡುತ್ತಿದ್ದರು. ಕೈ ಎತ್ತಿದರು.

"ಆರಾಧ್ಯ, ಒಂದು ಡೌಟು. ನೆಟ್ಟಗಿರೋ ಗೆರೆ ಸರಿ. ಇಷ್ಟು ದೊಡ್ಡದಾಗಿ ಇವತ್ತೇ ನೋಡ್ತಿರೋದು, ಅದರ ಕೆಳಗೆ ಸುತ್ತು ಗೆರೆ ಕಾಣ್ತಾ ಇದೆ, ಹಡಗಿನ ಹತ್ರ. ಅದು ಹಳೇದು ಅನ್ಸತ್ತಪ್ಪ. ಅದು ಯಾರದು?"

ಸಭೆ ಪರದೆಯ ಕಡೆ ತಿರುಗಿತು. ವಿಶ್ವಾರಾಧ್ಯನಿಗೆ ಇನ್ನೊಂದು ಅವಕಾಶ ಬಾಗಿಲಿಗೇ ಬಂದಿತ್ತು, ಬೇರೆಯವರ ಬಾಯಿಂದ. ಗೊತ್ತಿಲ್ಲ ಎಂದಿದ್ದರೂ ಬಸವರಾಜೇಶ್ವರಿ ಸುಮ್ಮನಿರುತ್ತಿದ್ದಳೇನೋ.

ವಿಶ್ವಾರಾಧ್ಯ ಪರದೆ ನೋಡಲಿಲ್ಲ. "ಅದೂ ಇವಳದೇ ಸಾರ್" ಅಂದ. "ಹೆಂಗೆಂಗೋ ತಿಕ್ಕಿದಾಳೆ."

ಮತ್ತೆ ನಗು, ಈ ಸಲ ಸ್ವಲ್ಪ ಕಡಿಮೆ.

ಬಸವರಾಜೇಶ್ವರಿ ಎದ್ದು ನಿಂತಳು. ಅವಳಿಗೆ ಮೈಕ್ ಬೇಕಾಗಿರಲಿಲ್ಲ. ಅರವತ್ತು ಮಕ್ಕಳ ಕ್ಲಾಸಿಗೆ ಕೊನೆಯ ಬೆಂಚಿನವರೆಗೆ ಕೇಳಿಸುವ ದನಿ ಅವಳದು.

"ಅದು ನನ್ನದಲ್ಲ" ಅಂದಳು. "ಪದ್ಮನಾಭ ಅವರೇ, ನೀವು ಹೇಳಿದ್ದು ಸರಿ. ಅದು ಹಳೇದು. ಗೆರೆ ಒಳಗೆ ಕಪ್ಪಿದೆ ನೋಡಿ. ಅದು ಇವರ ತಾಯಿದು. ನಾನು ಈ ಮನೆಗೆ ಬರೋಕೆ ಮುಂಚೆನೇ ಅವರು ಅದನ್ನ ಬೆಳಗಿದ್ರು. ಇವರಿಗೆ ಕಾಲೇಜಲ್ಲಿದ್ದಾಗಿಂದ ಗೊತ್ತು. ನಿನ್ನೆ ನನ್ನ ಅಡುಗೆಮನೆಯಲ್ಲಿ ನಿಂತು ಇವರೇ ಒಪ್ಕೊಂಡಿದಾರೆ."

ವಿಶ್ವಾರಾಧ್ಯನ ಶಾಲು ಹೆಗಲಿನಿಂದ ಜಾರಿತು, ಅವನು ಅದನ್ನು ಎಳೆದುಕೊಂಡ. ಮುಖ ಕೆಂಪಾಗಿತ್ತು.

"ಸತ್ತೋಳ ಹೆಸರು ಯಾಕೇ ಎಳೀತೀಯ ಇಲ್ಲಿ?"

ಮೈಕ್ ಅವನ ಬಾಯಿಯ ಮುಂದೆಯೇ ಇತ್ತು. ಮಾತು ಸಭಾಂಗಣದ ನಾಲ್ಕೂ ಮೂಲೆಗೆ ಹೋಗಿ ಕೂತಿತು. ಅವಳು ಹೇಳಿದ್ದು ಸುಳ್ಳು ಎಂದು ಅವನು ಅಂದಿರಲಿಲ್ಲ. ಅದು ಅವನಿಗೆ ಹೊಳೆಯುವ ಮೊದಲೇ ಕೂತವರಿಗೆ ಹೊಳೆಯಿತು.

"ಬದುಕಿರೋಳ ಹೆಸರು ಇಷ್ಟು ವರ್ಷ ಎಳೆದ್ರಲ್ಲ" ಅಂದಳು ಬಸವರಾಜೇಶ್ವರಿ. "ಅವರು ನೊಂದ್ಕೋಬಾರ್ದು ಅಂತ ನನ್ನ ಮೇಲೆ ಹಾಕಿದ್ರಿ. ಹೋಗ್ಲಿ. ಇವತ್ತು ಅವರಿಲ್ಲ. ಇವತ್ತು ಯಾರು ನೊಂದ್ಕೋಬಾರ್ದು ಅಂತ ಸುಳ್ಳು ಹೇಳಿದ್ರಿ?"

ಮೂರನೇ ಸಾಲಿನಲ್ಲಿದ್ದ ಹೊಸಹಳ್ಳಿಯ ಸೀನ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಯಾರೂ ನಗಲಿಲ್ಲ. ಪದ್ಮನಾಭರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

ವಿಶ್ವಾರಾಧ್ಯ ಏನೂ ಆಗಿಲ್ಲವೆಂಬಂತೆ ಹಾಳೆ ತಿರುವಿದ.

"ಮುಂದಿನದು" ಅಂದ.

ಪರದೆ ಬದಲಾಗಲಿಲ್ಲ.

"ವಚನಾ, ಮುಂದಿನದು."

ವಚನಾ ಗುಂಡಿಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಪ್ಪನ ಕಡೆ ನೋಡಲಿಲ್ಲ.